ನಿಲ್ಲಿಸಿದ್ದ ಕಾರಿಗೆ ಗುದ್ದಿ ಹೋದರು, ಈಗೇನು? ವಿಮಾ ಸರ್ವೇಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಜಯನಗರ, ಬೆಂಗಳೂರು): ರಾತ್ರಿ ಮನೆಯ ಮುಂದೆ ರಸ್ತೆಯ ಎಡಬದಿಗೆ ಕಾರು ನಿಲ್ಲಿಸಿದ್ದೆ. ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಹೊರಟಾಗ ನೋಡಿದರೆ ಬಲಗಡೆಯ ಹಿಂಬಾಗಿಲು ಒಳಕ್ಕೆ ಹೋಗಿದೆ. ಅಲ್ಲಿಂದ ಹಿಂದಿನ ಬಂಪರಿನವರೆಗೆ ಹಳದಿ ಗೀರು. ನೋಡಿದವರಿಲ್ಲ, ವೈಪರಿಗೆ ಸಿಕ್ಕಿಸಿದ ಚೀಟಿಯೂ ಇಲ್ಲ. ಗ್ಯಾರೇಜಿನವರು ಡೆಂಟಿಂಗ್‌ಗೆ 4 ಸಾವಿರ, ಪೇಂಟಿಂಗ್‌ಗೆ 10 ಸಾವಿರ ಎಂದರು. ಎಫ್‌ಐಆರ್ ಇಲ್ಲದೆ ವಿಮೆಯ ಹಣ ಬರುವುದಿಲ್ಲ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ಕಾರಿಗೆ ನಾಲ್ಕು ವರ್ಷ ತುಂಬಿದೆ, 1200 ಸಿಸಿ, ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಶೇ 45. ಏನು ಮಾಡಲಿ?

ಉತ್ತರ: ಕಾರನ್ನು ತೊಳೆಯಬೇಡಿ. ಮೊದಲ ಮಾತು ಅದೇ. ಇಪ್ಪತ್ತು ವರ್ಷದಿಂದ ಗುದ್ದಿಸಿಕೊಂಡ ಗಾಡಿಗಳನ್ನೇ ನೋಡಿಕೊಂಡು ಬಂದಿದ್ದೇನೆ. ಅರ್ಧ ಸಾಕ್ಷ್ಯ ಒದ್ದೆ ಬಟ್ಟೆಯ ಪಾಲಾಗಿರುತ್ತದೆ. ದೂರದಿಂದ ನಂಬರ್ ಪ್ಲೇಟ್ ಸಮೇತ ಒಂದು ಫೋಟೊ, ಹತ್ತಿರದಿಂದ ನಾಲ್ಕು, ಗೀರಿನ ಪಕ್ಕ ಅಳತೆಯ ಟೇಪ್ ಹಿಡಿದು ಒಂದು. ನೆಲದ ಮೇಲೆ ಬಿದ್ದ ಬಣ್ಣದ ಚಕ್ಕೆ, ಪ್ಲಾಸ್ಟಿಕ್ ಚೂರು ಇದ್ದರೆ ಆರಿಸಿ ಇಟ್ಟುಕೊಳ್ಳಿ.

ಇನ್ನು ಎಫ್‌ಐಆರ್. ಕಾರು ಕಳುವಾದರೆ, ಜನರಿಗೆ ಗಾಯವಾದರೆ, ಬೇರೆಯವರ ಆಸ್ತಿಗೆ ಹಾನಿಯಾದರೆ ಪೊಲೀಸ್ ದಾಖಲೆ ಬೇಕೇ ಬೇಕು. ನಿಮ್ಮದು ನಿಮ್ಮದೇ ಕಾರಿನ ಸಣ್ಣ ಹಾನಿ. ಇಷ್ಟಕ್ಕೆ ಸಾಮಾನ್ಯವಾಗಿ ಯಾರೂ ಎಫ್‌ಐಆರ್ ಕೇಳುವುದಿಲ್ಲ. ಕ್ಲೈಮ್ ಮಾಡುವುದಾದರೆ ಕಂಪನಿಗೆ ಇವತ್ತೇ ತಿಳಿಸಿ, ರಿಪೇರಿಗೆ ಕೈ ಹಾಕುವ ಮೊದಲು ಸರ್ವೆ ಆಗಲಿ.

ಆದರೆ ಕ್ಲೈಮ್ ಮಾಡಬೇಕೇ? ಇದನ್ನು ಯಾವ ಗ್ಯಾರೇಜಿನವರೂ ನಿಮಗೆ ಹೇಳಿಕೊಡುವುದಿಲ್ಲ, ಅವರ ಬಿಲ್ಲು ಯಾರು ಕೊಟ್ಟರೂ ಬಿಲ್ಲೇ. ಮಾಮೂಲಿ ಪಾಲಿಸಿಯಾದರೆ ಪೇಂಟಿಂಗ್ ಬಿಲ್ಲಿನ ಶೇ 25ರಷ್ಟನ್ನು ಬಣ್ಣದ ಸಾಮಗ್ರಿ ಎಂದು ಲೆಕ್ಕ ಹಿಡಿದು, ಅದರಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ. 10 ಸಾವಿರಕ್ಕೆ 1,250 ಹೋಯಿತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹೊರಬೇಕಾದ ಪಾಲು 1,000. ಒಟ್ಟು 14 ಸಾವಿರದಲ್ಲಿ ಉಳಿದದ್ದು 11,750.

ಕಳೆದುಕೊಳ್ಳುವುದು ಎಷ್ಟು? ಬೋನಸ್ ಕಳೆಯುವ ಮೊದಲು ನಿಮ್ಮ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಪ್ರೀಮಿಯಂ 10 ಸಾವಿರ ಎಂದುಕೊಳ್ಳಿ. ಸುಮ್ಮನಿದ್ದರೆ ಮುಂದಿನ ನವೀಕರಣಕ್ಕೆ ಬೋನಸ್ ಶೇ 50 ಆಗುತ್ತದೆ, ವರ್ಷವರ್ಷವೂ 5 ಸಾವಿರ ಕಟ್ಟುತ್ತೀರಿ. ಕ್ಲೈಮ್ ಮಾಡಿದರೆ ಬೋನಸ್ ಸೊನ್ನೆಗೆ ಇಳಿದು, ಮತ್ತೆ 20, 25, 35, 45, 50 ಎಂದು ಮೆಟ್ಟಿಲು ಹತ್ತಬೇಕು. ಕಟ್ಟುವುದು 10,000, ಆಮೇಲೆ 8,000, 7,500, 6,500, 5,500. ಐದು ವರ್ಷದಲ್ಲಿ ಹೆಚ್ಚಿಗೆ ಹೋದದ್ದು 12,500. ಅಂದರೆ ಕೈಗೆ 11,750 ಬಂತು, ಜೇಬಿನಿಂದ 12,500 ಹೋಯಿತು. ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ಕೂಡ ಇಳಿಯುವುದರಿಂದ ಲೆಕ್ಕ ಸ್ವಲ್ಪ ಸಡಿಲ, ಆದರೆ ದಾರಿ ಇದೇ. ಸವಕಳಿ ಕಳೆಯದ ಜೀರೊ ಡೆಪ್ ಪಾಲಿಸಿ ಇದ್ದರೂ ಬರುವುದು 13 ಸಾವಿರ, ಲಾಭ ಐನೂರು ರೂಪಾಯಿ. ಬೋನಸ್ ರಕ್ಷಣೆಯ ಆ್ಯಡ್ ಆನ್ ಕೊಂಡಿದ್ದೀರಾ, ಪಾಲಿಸಿಯಲ್ಲಿ ನೋಡಿ. ಕೊಂಡಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ, ಧೈರ್ಯವಾಗಿ ಕ್ಲೈಮ್ ಮಾಡಿ.

ಒಂದು ಮರುಪ್ರಶ್ನೆ: ಗೀರಿನ ಯಾವ ತುದಿಯಲ್ಲಿ ಬಣ್ಣ ಗುಡ್ಡೆಯಾಗಿದೆ? ನೆಲದಿಂದ ಎಷ್ಟು ಎತ್ತರ?

ಜಯನಗರ: ಬಂಪರಿನ ತುದಿಯಲ್ಲಿ ಹುಡಿಯ ಹಾಗೆ ಕೂಡಿಕೊಂಡಿದೆ. ನೆಲದಿಂದ ಸುಮಾರು ಎರಡು ಅಡಿ. ಆಟೋ ಇರಬಹುದು ಎಂದುಕೊಂಡೆ. ಎದುರು ಮನೆಗೆ ಕ್ಯಾಮೆರಾ ಇದೆ, ಅವರು ಊರಿಗೆ ಹೋಗಿದ್ದಾರೆ.

ಉತ್ತರ: ಬೆಂಗಳೂರಿನ ಆಟೋಗೆ ಹಳದಿ ಇರುವುದು ಮೇಲೆ, ಎರಡು ಅಡಿ ಎತ್ತರದಲ್ಲಿ ಅದರ ಮೈ ಹಸಿರು. ಪಾಪದ ಆಟೋದವರನ್ನು ಬಿಡಿ. ಉಜ್ಜಿಕೊಂಡು ಹೋದ ವಾಹನ ಸಾಗಿದ ದಿಕ್ಕಿನ ಕೊನೆಗೆ ಬಣ್ಣ ಗುಡ್ಡೆ ಕಟ್ಟುತ್ತದೆ. ಗೀರು ಮುಂದಿನಿಂದ ಹಿಂದಕ್ಕೆ ಎಳೆದಿದೆ ಎಂದರೆ ಅದು ರಿವರ್ಸ್ ಬಂದಿರಬೇಕು, ಇಲ್ಲವೇ ಎದುರಿನಿಂದ ನುಗ್ಗಿರಬೇಕು. ಆ ಎತ್ತರದಲ್ಲಿ ಹಳದಿ ಎಂದರೆ ನನ್ನ ಅನುಮಾನ ಶಾಲಾ ವಾಹನದ ಮೇಲೆ. ಎದುರು ಮನೆಯವರಿಗೆ ಇವತ್ತೇ ಫೋನ್ ಮಾಡಿ. ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ, ಅವರು ಊರಿನಿಂದ ಬರುವವರೆಗೆ ಅದು ಕಾಯುವುದಿಲ್ಲ.

ಪ್ರಶ್ನೆ (ಮೈಸೂರು): ಕಲ್ಯಾಣ ಮಂಟಪದ ಪಾರ್ಕಿಂಗ್‌ನಲ್ಲಿ ಯಾರೋ ಹೆಡ್‌ಲೈಟ್ ಒಡೆದು ಹೋದರು. ಕಾರು ಕೊಂಡು ಎರಡು ವರ್ಷ, ವಿಮೆ ಮೂರು ವರ್ಷದ್ದು ಇದೆ. ಆದರೂ ಕಂಪನಿಯವರು ಆಗುವುದಿಲ್ಲ ಎನ್ನುತ್ತಿದ್ದಾರೆ.

ಉತ್ತರ: ಆ ಮೂರು ವರ್ಷ ಥರ್ಡ್ ಪಾರ್ಟಿಗೆ, ಅಂದರೆ ನಿಮ್ಮ ಕಾರಿನಿಂದ ಇತರರಿಗೆ ಆಗುವ ಹಾನಿಗೆ ಮಾತ್ರ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ನಿಮ್ಮ ಸ್ವಂತ ಕಾರಿನ ಹಾನಿಯ ಭಾಗ ಬಹುಶಃ ಒಂದೇ ವರ್ಷಕ್ಕೆ ಇತ್ತು, ನೀವು ನವೀಕರಿಸಿಲ್ಲ. ಹೀಗೆ ಮೋಸ ಹೋದವರು ವಾರಕ್ಕೊಬ್ಬರಾದರೂ ನನಗೆ ಸಿಗುತ್ತಾರೆ. ಹೆಡ್‌ಲೈಟ್ ಈ ಸಲ ನಿಮ್ಮದೇ ಖರ್ಚು.

ಪ್ರಶ್ನೆ (ಹುಬ್ಬಳ್ಳಿ): ಗುದ್ದಿದವರು ಯಾರೆಂದು ಗೊತ್ತಿಲ್ಲ ಎಂದರೆ ತಕರಾರು ಬರುತ್ತದೆ, ನಾನೇ ಗೇಟಿನ ಕಂಬಕ್ಕೆ ತಾಗಿಸಿದೆ ಎಂದು ಬರೆದುಕೊಡಿ ಎಂದು ಸರ್ವಿಸ್ ಸೆಂಟರಿನ ಹುಡುಗ ಹೇಳಿದ. ಜೊತೆಗೆ ಎಡಗಡೆಯ ಹಳೆಯ ಗೀರನ್ನೂ ಸೇರಿಸೋಣವಂತೆ.

ಉತ್ತರ: ಬರೆಯಬೇಡಿ. ಅಪರಿಚಿತ ವಾಹನ ಗುದ್ದಿದ್ದೂ ಅಪಘಾತವೇ, ಓನ್ ಡ್ಯಾಮೇಜ್ ಪಾಲಿಸಿ ಅದಕ್ಕೂ ಹಣ ಕೊಡುತ್ತದೆ. ನಿಜ ಹೇಳಿದರೂ ಸಿಗುವ ಹಣಕ್ಕೆ ಸುಳ್ಳು ಯಾಕೆ? ಕಂಬಕ್ಕೆ ತಾಗಿದರೆ ಸಿಮೆಂಟಿನ ಒರಟು ಗೀರು, ಸುಣ್ಣದ ಪುಡಿ ಇರುತ್ತದೆ, ಕಾರಿಗೆ ಕಾರು ತಾಗಿದರೆ ಪರಕೀಯ ಬಣ್ಣ ಅಂಟಿರುತ್ತದೆ. ನೋಡಿದ ತಕ್ಷಣ ತಿಳಿಯುತ್ತದೆ. ಎಡಗಡೆಯ ಹಳೆಯ ಗೀರಿನಲ್ಲಿ ತುಕ್ಕು, ಮೇಣ, ಮೂರು ಮಳೆಗಾಲದ ಕೊಳೆ ಕೂತಿರುತ್ತದೆ, ಅದು ಬೇರೆ ಘಟನೆ, ಬೇರೆ ಕ್ಲೈಮ್. ಎರಡನ್ನೂ ಬೆರೆಸಿದರೆ ಸರಿಯಾಗಿರುವ ಕ್ಲೈಮಿಗೂ ಕುತ್ತು ಬರುತ್ತದೆ.

ಪ್ರಶ್ನೆ (ಮಂಗಳೂರು): ನನ್ನ ಬಳಿ ಗುದ್ದಿದ ಕಾರಿನ ನಂಬರ್ ಇದೆ. ಸರ್ಕಾರಿ ಆ್ಯಪ್‌ನಲ್ಲಿ ಹುಡುಕಿದರೆ ಮಾಲೀಕರ ಹೆಸರಿನ ಅರ್ಧ ಅಕ್ಷರ ನಕ್ಷತ್ರಗಳಾಗಿವೆ. ಗುದ್ದಿ ಓಡಿದರೆ ಹತ್ತು ವರ್ಷ ಜೈಲು ಎಂದು ಕಾನೂನು ಬಂದಿದೆಯಲ್ಲ?

ಉತ್ತರ: ಅದು ಬಂಪರಿಗಲ್ಲ, ಪ್ರಾಣಕ್ಕೆ. ಭಾರತೀಯ ನ್ಯಾಯ ಸಂಹಿತೆಯ 106(2), ಸಾವಿಗೆ ಕಾರಣವಾಗಿ ಪೊಲೀಸರಿಗೆ ತಿಳಿಸದೆ ಓಡಿದವರ ಬಗ್ಗೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ಇದೇ ಕಲಮಿಗೆ. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಈ ಉಪಕಲಮನ್ನು ಮಾತ್ರ ತಡೆಹಿಡಿದರು. ಓಡಿಹೋದ ವಾಹನದಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 50 ಸಾವಿರ ಕೊಡುವ ಸರ್ಕಾರಿ ಯೋಜನೆಯೂ ತಗಡಿನ ಹಾನಿಗೆ ಸಂಬಂಧಿಸಿದ್ದಲ್ಲ.

ನಿಮಗೆ ಉಪಯೋಗಕ್ಕೆ ಬರುವುದು ಮೋಟಾರು ವಾಹನ ಕಾಯ್ದೆಯ 134 ಮತ್ತು 133. ಬೇರೆಯವರ ಆಸ್ತಿಗೆ ಹಾನಿ ಮಾಡಿದ ಚಾಲಕ ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ವರದಿ ಮಾಡಬೇಕು. ಮಾಡದಿದ್ದರೆ 187ರ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, 5 ಸಾವಿರದವರೆಗೆ ದಂಡ, ಅಥವಾ ಎರಡೂ. ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು, ಅದು 133. ಹಾಗಾಗಿ ನಕ್ಷತ್ರಗಳನ್ನು ನೀವು ಬಿಡಿಸಬೇಕಾಗಿಲ್ಲ. ನಂಬರ್, ಸಮಯ, ಫೋಟೊ ಹಾಕಿ ಒಂದು ಪುಟದ ದೂರು ಬರೆದು ಸಂಚಾರ ಠಾಣೆಗೆ ಕೊಡಿ, ಸ್ವೀಕೃತಿ ಪಡೆಯಿರಿ. ದೂರಿನಲ್ಲಿ ಬೈಗುಳ ಬೇಡ.

ಎದುರಿನವರ ವಿಮೆಯಿಂದ ಹಣ ಪಡೆಯುವ ಹಕ್ಕು ನಿಮಗಿದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಇತರರ ಆಸ್ತಿಹಾನಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ, ಆ ದಾರಿಯಲ್ಲಿ ಹೋದರೆ ನಿಮ್ಮ ಬೋನಸ್‌ಗೂ ಧಕ್ಕೆ ಇಲ್ಲ. ಆದರೆ ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಎರಡು ಲಕ್ಷದ ಹಾನಿಗಾದರೆ ಹತ್ತಿ. ಹದಿನೈದು ಸಾವಿರಕ್ಕೆ ಹತ್ತಿದರೆ ವಕೀಲರ ಶುಲ್ಕ, ವಾಯಿದೆಗೊಂದು ರಜೆ, ಎಲ್ಲವೂ ಬಂಪರಿಗಿಂತ ದುಬಾರಿ. ದೂರಿನ ಪ್ರತಿ ಕಂಡ ಮೇಲೆ ಹೆಚ್ಚಿನವರು ತಾವಾಗಿಯೇ ರಿಪೇರಿ ಮಾಡಿಸಿಕೊಡುತ್ತಾರೆ.

ಪ್ರಶ್ನೆ (ಊರು ಹೇಳುವುದಿಲ್ಲ): ನಾನು ಗುದ್ದಿದವಳು. ಮಾರುಕಟ್ಟೆಯ ಬಳಿ ರಿವರ್ಸ್ ತೆಗೆಯುವಾಗ ಬಿಳಿ ಕಾರಿನ ಕನ್ನಡಿ ಮುರಿಯಿತು. ಜನ ಸೇರುತ್ತಾರೆ ಎಂದು ಹೆದರಿ ಬಂದುಬಿಟ್ಟೆ. ಇದು ಇವತ್ತು ಮಧ್ಯಾಹ್ನದ ಮಾತು.

ಉತ್ತರ: ಹಾಗಾದರೆ 24 ಗಂಟೆ ಇನ್ನೂ ಮುಗಿದಿಲ್ಲ. ಹೆದರಿ ಹೊರಟದ್ದು ಅರ್ಥವಾಗುತ್ತದೆ, ಜನ ಸೇರಿದ ರಸ್ತೆಯಲ್ಲಿ ನಾನೂ ನಿಂತಿದ್ದೇನೆ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ ಹೇಳಿ, ನಿಮ್ಮ ವಿಮಾ ಕಂಪನಿಗೂ ಬರೆದು ತಿಳಿಸಿ. ಆ ಕಾರು ಅಲ್ಲೇ ಇದ್ದರೆ ಫೋನ್ ನಂಬರ್ ಬರೆದ ಚೀಟಿ ಇಟ್ಟು, ಅದರ ಫೋಟೊ ತೆಗೆದುಕೊಳ್ಳಿ. ಕನ್ನಡಿಯ ಹಣವನ್ನು ಕೈಯಿಂದ ಕೊಟ್ಟುಬಿಡಿ, ಕೊಟ್ಟದ್ದಕ್ಕೆ ಎರಡು ಸಾಲು ಬರೆಸಿಕೊಳ್ಳಿ.

ಜಯನಗರ: ಮತ್ತೆ ಬಂದೆ. ಎದುರು ಮನೆಯವರು ಊರಿನಿಂದಲೇ ಮೊಬೈಲ್‌ನಲ್ಲಿ ದೃಶ್ಯ ತೆಗೆದು ಕಳಿಸಿದರು. ಬೆಳಿಗ್ಗೆ 7.10ಕ್ಕೆ ಶಾಲಾ ವ್ಯಾನ್ ರಿವರ್ಸ್ ಬಂದಿದೆ, ಚಾಲಕ ಇಳಿದು ನೋಡಿ, ಅಂಗೈಯಿಂದ ಎರಡು ಸಲ ಒರೆಸಿ ಹೋಗಿದ್ದಾನೆ. ವ್ಯಾನಿನ ಮಾಲೀಕರು 6 ಸಾವಿರ ಕೊಡುತ್ತೇನೆ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಮೊದಲು ಬಂಪರಿನ ಹಳದಿಯ ಮೇಲೆ ಉಗುರು ಎಳೆದು ನೋಡಿ. ಸಿಕ್ಕಿಕೊಳ್ಳದೆ ಜಾರಿದರೆ ಅದು ಅಂಟಿದ ಬಣ್ಣ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದರೆ ಹೋಗುತ್ತದೆ. ಥಿನ್ನರ್ ಮುಟ್ಟಿಸಬೇಡಿ.

ಜಯನಗರ: ಜಾರುತ್ತಿದೆ.

ಉತ್ತರ: ಹಾಗಾದರೆ ಬಂಪರಿಗೆ ಪೇಂಟ್ ಬೇಕಿಲ್ಲ, ಬಾಗಿಲಿನ ಕೆಲಸ ಮಾತ್ರ. ಗ್ಯಾರೇಜಿನಿಂದ ಹೊಸ ಅಂದಾಜು ಬರೆಸಿ, ಅಷ್ಟನ್ನು ಮಾಲೀಕರಿಂದ ಕೇಳಿ. ಹಣ ಕೈಗೆ ಬರುವವರೆಗೆ ದೃಶ್ಯವನ್ನು ಅಳಿಸಬೇಡಿ.