ಆಕ್ಸಿಡೆಂಟ್‌ನಲ್ಲಿ ಉಳಿದೆ, ಸಾಕ್ಷಿ ಏನಂತ ಹೇಳಲಿ?

ಪ್ರಶ್ನೆ:
ಹೋದ ತಿಂಗಳು ಮದ್ದೂರು ಹತ್ತಿರ ನಮ್ಮ ಕಾರು ಡಿವೈಡರ್‌ಗೆ ಗುದ್ದಿ ಎರಡು ಪಲ್ಟಿ ಹೊಡೆಯಿತು. ನನಗೆ ಭುಜದ ಮೂಳೆ ಮುರಿದಿದೆ, ಅಷ್ಟೆ. ಅಮ್ಮ ದಿನಾ ಬೈಬಲಿನ 91ನೇ ಕೀರ್ತನೆ ಓದುವವರು, ದೂತರೇ ನಿನ್ನ ಹಿಡಿದುಕೊಂಡರು ಅಂತಾರೆ, ಮೈಸೂರಿನ ಫಿಲೋಮಿನಾ ಚರ್ಚಿಗೆ ಹೋಗಿ ಮೇಣದಬತ್ತಿನೂ ಹಚ್ಚಿ ಬಂದೆವು. ಆದರೆ ಆಸ್ಪತ್ರೆಯಲ್ಲಿ ಪಕ್ಕದ ಬೆಡ್‌ನ ಹುಡುಗ ತೀರಿಕೊಂಡ. ಅವನ ತಾಯಿಯೂ ಜಪಸರ ಹಿಡಿದೇ ಕೂತಿದ್ದರು. ಭಾನುವಾರ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳು, ಅಂದರೆ ದೇವರು ಹೇಗೆ ಉಳಿಸಿದ ಅಂತ ಎಲ್ಲರ ಮುಂದೆ ಹೇಳು, ಅಂತಿದ್ದಾರೆ. ಏನು ಹೇಳಲಿ?

ಉತ್ತರ 1:
ಸುಮ್ನೆ ಜಾಸ್ತಿ ಯೋಚಿಸಬೇಡಿ. ದೇವರಿಗೆ ಸ್ತೋತ್ರ ಹೇಳಿ. ಸೀಟ್ ಬೆಲ್ಟ್ ಹಾಕಿದ್ರಾ?

ಉತ್ತರ 2:
ಬೈಬಲಿನಲ್ಲಿ ಲೂಕ 13ನೇ ಅಧ್ಯಾಯ ಓದಿ. ಯೆರೂಸಲೇಮಿನ ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು, ಅವರೇನು ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಯೇಸುವೇ ಕೇಳಿ, ಅಲ್ಲ ಅನ್ನುತ್ತಾನೆ. ಅಂದ್ರೆ ಸತ್ತವರ ನಂಬಿಕೆ ಕಮ್ಮಿ ಅಂತ ಲೆಕ್ಕ ಹಾಕೋ ಹಾಗಿಲ್ಲ. ಇನ್ನೊಂದು, ಅಮ್ಮ ಓದುವ ಅದೇ 91ನೇ ಕೀರ್ತನೆಯ 'ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ' ಅನ್ನೋ ಮಾತನ್ನೇ ಮತ್ತಾಯ 4ರಲ್ಲಿ ಸೈತಾನ ಯೇಸುವಿಗೆ ಹೇಳಿ, ದೇವಾಲಯದ ಮೇಲಿಂದ ಹಾರು ಅಂತಾನೆ, ಯೇಸು ಹಾರಲ್ಲ! ನನ್ನ ತಮ್ಮ ಬೈಕ್ ಆಕ್ಸಿಡೆಂಟ್‌ನಲ್ಲಿ ತೀರಿಹೋದ, ನಾವೂ ಪ್ರಾರ್ಥನೆ ಮಾಡಿದ್ದೆವು. 'ನನ್ನ ಭಕ್ತಿ ನೋಡಿ ಉಳಿಸಿದ' ಅಂತ ಯಾರಾದರೂ ಮೈಕಿನಲ್ಲಿ ಹೇಳಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಪ್ರಶ್ನೆ ಕೇಳಿದವರು:
ಬೆಲ್ಟ್ ಹಾಕಿದ್ದೆ ಸರ್. ಅಕ್ಕಾ, ನಿಮ್ಮ ತಮ್ಮನ ವಿಷಯ ಓದಿ ಬೇಜಾರಾಯಿತು. ಭಾನುವಾರ ಥ್ಯಾಂಕ್ಸ್ ಹೇಳಿ, ಆ ಹುಡುಗನಿಗೂ ಪ್ರಾರ್ಥಿಸಿ ಅಂತ ಕೇಳಿ ಕೂತುಬಿಡುತ್ತೇನೆ. ಅಮ್ಮ ಬೈದರೆ ಬೈಯಲಿ.