ನಾಡಿನ್ ಗಾರ್ಡಿಮರ್ ಓದಲು ಎಲ್ಲಿಂದ ಶುರು ಮಾಡಲಿ?

ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಬಗ್ಗೆ ಓದುವಾಗ ಅಲ್ಲಿನ ಈ ಲೇಖಕಿಯ ಹೆಸರು ಸಿಕ್ಕಿತು. ‘ಜುಲೈಸ್ ಪೀಪಲ್’ ಕಾದಂಬರಿ ತಂದುಕೊಂಡೆ, ಮೂವತ್ತು ಪುಟ ದಾಟಲು ಆಗುತ್ತಿಲ್ಲ. ಓದಿದವರು ದಾರಿ ಹೇಳಿ.

ಉತ್ತರ: ನಾನೂ ಅಲ್ಲೇ ನಿಂತಿದ್ದೆ. ಮಾತುಗಳಿಗೆ ಉದ್ಧರಣ ಚಿಹ್ನೆ ಇಲ್ಲ, ಬರೀ ಅಡ್ಡಗೆರೆ. ಯಾರ ಮಾತು ಅಂತ ತಿಳಿಯಲು ಗಟ್ಟಿಯಾಗಿ ಓದಬೇಕಾಯಿತು. ಅದನ್ನು ಸದ್ಯಕ್ಕೆ ಬದಿಗಿಡಿ. 1956ರ ‘ಸಿಕ್ಸ್ ಫೀಟ್ ಆಫ್ ದ ಕಂಟ್ರಿ’ ಸಂಕಲನದಲ್ಲಿರುವ ಅದೇ ಹೆಸರಿನ ಕಥೆ ಓದಿ. ಬಿಳಿಯ ಜಮೀನುದಾರನ ತೋಟದಲ್ಲಿ ಆಳಿನ ತಮ್ಮ ಸಾಯುತ್ತಾನೆ. ಪಕ್ಕದ ದೇಶ ರೊಡೇಶಿಯಾದಿಂದ ಪರವಾನಗಿ ಇಲ್ಲದೆ ಕೆಲಸ ಹುಡುಕಿಕೊಂಡು ಬಂದವನು. ಅಧಿಕಾರಿಗಳೇ ಹೂತುಬಿಡುತ್ತಾರೆ. ಹೆಣ ವಾಪಸ್ ಪಡೆಯಲು ಇಪ್ಪತ್ತು ಪೌಂಡ್ ಬೇಕು. ಆಳುಗಳೇ ಕೂಡಿಸಿ ಕೊಡುತ್ತಾರೆ. ಶವಯಾತ್ರೆಯ ನಡುವೆ ಮುದುಕ ತಂದೆ ನಿಂತುಬಿಡುತ್ತಾನೆ: ನನ್ನ ಮಗ ಇಷ್ಟು ಭಾರ ಇರಲಿಲ್ಲ. ಪೆಟ್ಟಿಗೆ ತೆರೆದರೆ ಬೇರೆ ಯಾರದೋ ಹೆಣ! ಇಡೀ ಕಥೆ ಹೇಳುವವನು ಆ ಜಮೀನುದಾರನೇ. ಕೆಟ್ಟವನಲ್ಲ, ಕಚೇರಿಗೂ ಅಲೆಯುತ್ತಾನೆ. ಆದರೆ ಅವನಿಗೆ ಅದೊಂದು ತಲೆನೋವು, ಅಷ್ಟೇ. ನನಗೆ ಎರಡು ದಿನ ನಿದ್ದೆ ಬರಲಿಲ್ಲ.

ಮತ್ತೊಬ್ಬರು: ಕಥೆಯ ಜೊತೆ ಆಕೆಯ ಬದುಕನ್ನೂ ತಿಳಿದುಕೊಳ್ಳಿ, ಓದು ಸಲೀಸಾಗುತ್ತದೆ. ಹುಟ್ಟಿದ್ದು 1923ರಲ್ಲಿ, ಜೋಹಾನ್ಸ್‌ಬರ್ಗ್ ಹತ್ತಿರದ ಚಿನ್ನದ ಗಣಿ ಊರು ಸ್ಪ್ರಿಂಗ್ಸ್‌ನಲ್ಲಿ. ಅಪ್ಪ ಲಿಥುವೇನಿಯಾದಿಂದ ಬಂದ ಯಹೂದಿ, ಗಡಿಯಾರ ರಿಪೇರಿ ಮಾಡುತ್ತಿದ್ದರು. ಮನೆಕೆಲಸದವರ ಕೋಣೆಯನ್ನು ಪೊಲೀಸರು ಜಾಲಾಡಿದ್ದನ್ನು ಹುಡುಗಿಯಾಗಿದ್ದಾಗಲೇ ಕಂಡವರು. ನಾನು ಜಾಸ್ತಿ ಮೆಚ್ಚುವುದು ಆಕೆ ದೇಶ ಬಿಡದೆ ಬರೆದದ್ದನ್ನು. ‘ಎ ವರ್ಲ್ಡ್ ಆಫ್ ಸ್ಟ್ರೇಂಜರ್ಸ್’ ಕಾದಂಬರಿಯ ಮೇಲೆ 12 ವರ್ಷ ನಿಷೇಧ ಇತ್ತು. 1964ರ ವಿಚಾರಣೆಯಲ್ಲಿ ಮಂಡೇಲಾ ಮಾಡಿದ ಪ್ರಸಿದ್ಧ ಭಾಷಣವನ್ನು ತಿದ್ದಲು ನೆರವಾದವರಲ್ಲಿ ಈಕೆಯೂ ಒಬ್ಬರು. ಆಗ ಮಂಡೇಲಾ ಪರ ವಾದಿಸಿದ್ದ ಬಿಳಿಯ ವಕೀಲ ಬ್ರಾಮ್ ಫಿಷರ್ ಮುಂದೆ ತಾವೇ ಜೈಲು ಸೇರಿದರು. ‘ಬರ್ಗರ್ಸ್ ಡಾಟರ್’ ಕಾದಂಬರಿಯ ಹಿಂದಿರುವುದು ಅವರ ಬದುಕು. 1979ರಲ್ಲಿ ಅದನ್ನೂ ನಿಷೇಧಿಸಿದರು, ಕೆಲವೇ ತಿಂಗಳಲ್ಲಿ ನಿಷೇಧ ತೆಗೆದರು. ರಾಬೆನ್ ದ್ವೀಪದ ಜೈಲಿನಲ್ಲಿ ಮಂಡೇಲಾ ಅದನ್ನು ಓದಿದ್ದರು. ನೊಬೆಲ್ ಬಂದದ್ದು 1991ರಲ್ಲಿ. ಅದು ಮುಖ್ಯ ಅಲ್ಲ ಬಿಡಿ.

ಕೇಳಿದವರು: ಕಥೆ ಓದಿದೆ. ಕೊನೆಗೂ ಆ ಹುಡುಗನ ಹೆಣ ಸಿಗಲೇ ಇಲ್ಲ ಅಲ್ವಾ? ಮುದುಕನಿಗೆ ಹಳೆಯ ಸೂಟು ಕೊಟ್ಟು ಕಳಿಸಿದರು. ಹೊರಡುವ ಮುದುಕನನ್ನು ಮರೆಯಲು ಆಗುತ್ತಿಲ್ಲ. ಮುಂದೆ ‘ಬರ್ಗರ್ಸ್ ಡಾಟರ್’ ಓದುತ್ತೇನೆ.