ಬೈಬಲ್ ಆರ್ಕಿಯಾಲಜಿ ಮಾಡೋರು ಯಾರ ಕಡೆ? ಯೆರಿಕೋ ಗೋಡೆ ವಿಷ್ಯ

ಕೆಜಿಎಫ್_ಹುಡ್ಗ
ನಮಸ್ಕಾರ, ನಾನು ರಾಬರ್ಟ್‌ಸನ್‌ಪೇಟೆಯವ್ನು, ಕೋಲಾರದಲ್ಲಿ ಹಿಸ್ಟರಿ ಎಂಎ ಮಾಡ್ತಿದ್ದೀನಿ. ಫ್ಯಾಮಿಲಿ ಗ್ರೂಪಲ್ಲಿ ಮಾವ ಒಂದ್ ವಿಡಿಯೋ ಹಾಕಿದ್ರು, ಯೆರಿಕೋ ಗೋಡೆ ಸಿಕ್ಬಿಟ್ಟೈತೆ, ಯೆಹೋಶುವನ ಪುಸ್ತಕದಲ್ಲಿರೋದು ಹಂಗೇ ಪ್ರೂವ್ ಆಗೋಯ್ತು ಅಂತ. ಬೈಬಲ್ಲಲ್ಲಿ ಇಸ್ರಾಯೇಲ್ಯರ ನಾಯಕ ಯೆಹೋಶುವ ಮುತ್ತಿಗೆ ಹಾಕ್ದಾಗ ಯೆರಿಕೋ ಊರಿನ ಗೋಡೆ ತಾನಾಗೇ ಬಿತ್ತು ಅಂತ ಕಥೆ ಐತಲ್ಲ, ಅದು. ಕ್ಲಾಸಲ್ಲಿ ಫ್ರೆಂಡ್ ನೋಡ್ಬಿಟ್ಟು ಅಯ್ಯೋ ಬಿಡೋ, ದಾವೀದ ಅನ್ನೋ ರಾಜನೇ ಇರ್ಲಿಲ್ಲ, ಎಲ್ಲಾ ಕಟ್ಟುಕಥೆ ಅಂತಾನೆ. ಈ ಫೀಲ್ಡಲ್ಲಿರೋ ಸ್ಕಾಲರ್‌ಗಳು ಚರ್ಚಿನ ಕಡೆಯೋರಾ, ಇಲ್ಲಾ ವಿರೋಧಿಗಳಾ? ಗೊತ್ತಿರೋರು ಹೇಳಿ, ಜಗಳ ಬೇಡ ಪ್ಲೀಸ್.

ಶಾಸನಹುಚ್ಚ ಮುಳಬಾಗ್ಲು
ಗೋಡೆ ಸಿಕ್ಕಿದ್ದು ನಿಜ ಕಣಪ್ಪ, ಯಾವ ಕಾಲದ್ದು ಅನ್ನೋದೇ ತಕರಾರು. 1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಅಲ್ಲಿ ಅಗೆದು, ಬಿದ್ದಿರೋ ಗೋಡೆ ಕ್ರಿ.ಪೂ. 1400ರ ಸುಮಾರಿಂದು, ಯೆಹೋಶುವನ ಕಾಲಕ್ಕೆ ಸರಿಹೋಗುತ್ತೆ ಅಂದ್ರು. ನಿಮ್ ಮಾವನ ವಿಡಿಯೋ ಅಲ್ಲಿಗೇ ನಿಂತಿರ್ಬೇಕು. ಆಮೇಲೆ 1952ರಿಂದ 58ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅದೇ ದಿಬ್ಬಾನ ಪದರ ಪದರವಾಗಿ ಬಿಡಿಸಿ ನೋಡಿದ್ರೆ ಆ ಗೋಡೆ ಸಾವಿರ ವರ್ಷದಷ್ಟು ಇನ್ನೂ ಹಳೇದು, ಊರು ಸುಟ್ಟುಹೋಗಿದ್ದು ಕ್ರಿ.ಪೂ. 1550ರ ಸುಮಾರಿಗೆ, ಯೆಹೋಶುವ ಬಂದ ಅನ್ನೋ ಹೊತ್ತಿಗೆ ಅಲ್ಲಿ ಕೋಟೆ ಇರೋ ಊರೇ ಇರ್ಲಿಲ್ಲ ಅಂತ ಬಂತು. 1990ರಲ್ಲಿ ಬ್ರಯಂಟ್ ವುಡ್ ಮಡಕೆ ಚೂರು ಇಟ್ಕೊಂಡು ಇಲ್ಲ 1400ರೇ ಸರಿ ಅಂತ ವಾದ ಮಾಡಿದ್ರು, ಆದ್ರೆ ಅಲ್ಲಿ ಸಿಕ್ಕ ಸುಟ್ಟ ಧಾನ್ಯದ ಕಾರ್ಬನ್ ಡೇಟಿಂಗ್ ಕೆನ್ಯನ್ ಕಡೆಗೇ ವಾಲ್ತು.

ಮಜಾ ಏನು ಅಂದ್ರೆ ಕೆನ್ಯನ್ ಅವರಪ್ಪ ಬ್ರಿಟಿಷ್ ಮ್ಯೂಸಿಯಂ ಡೈರೆಕ್ಟರು, ಬೈಬಲ್ ಹಸ್ತಪ್ರತಿಗಳ ದೊಡ್ಡ ವಿದ್ವಾಂಸ. ಆಯಮ್ಮ ಅಗೆಯೋದು ಕಲ್ತಿದ್ದು ಮಾರ್ಟಿಮರ್ ವೀಲರ್ ಹತ್ರ, ಅದೇ ವೀಲರ್ 1947ರಲ್ಲಿ ನಮ್ ಚಿತ್ರದುರ್ಗ ಜಿಲ್ಲೆ ಬ್ರಹ್ಮಗಿರೀಲಿ ಅಗೆದೋರು. ಎಂಎ ಸಿಲಬಸ್‌ನಲ್ಲಿ ಇದ್ದೇ ಇರುತ್ತೆ ನೋಡು.

ಬಿರಿಯಾನಿ ಬಾಸ್
ಹಂಗಾದ್ರೆ ಫ್ರೆಂಡ್ ಹೇಳಿದ್ದೇ ಕರೆಕ್ಟು, ಪೂರ್ತಿ ಕಥೆ. ಟಾಪಿಕ್ ಕ್ಲೋಸ್ 😀

ತುಮಕೂರು ಮೇಷ್ಟ್ರು
ಅಷ್ಟ್ ಬೇಗ ಕ್ಲೋಸ್ ಮಾಡ್ಬೇಡಿ ಸಾರ್. 1993ರಲ್ಲಿ ಇಸ್ರೇಲಿನ ತೆಲ್ ದಾನ್ ಅನ್ನೋ ಕಡೆ ಅವ್ರಹಾಮ್ ಬಿರಾನ್ ತಂಡಕ್ಕೆ ಕ್ರಿ.ಪೂ. 9ನೇ ಶತಮಾನದ ಅರಾಮಿಕ್ ಶಾಸನದ ತುಂಡು ಸಿಕ್ತು, ನಮ್ ಕಡೆ ವೀರಗಲ್ಲು ತಂದು ಕೆರೆ ತೂಬಿಗೆ ಸೇರ್ಸಿ ಕಟ್ಟಿರ್ತಾರಲ್ಲ ಹಂಗೆ ಅದನ್ನೂ ಒಡೆದು ಗೋಡೆಗೆ ಹಾಕ್ಬಿಟ್ಟಿದ್ರು. ಅದ್ರಲ್ಲಿ ಶತ್ರು ರಾಜನೇ ದಾವೀದನ ಮನೆತನ ಅಂತ ಬರೆಸಿದ್ದಾನೆ, ಹೆಚ್ಚಿನ ವಿದ್ವಾಂಸರು ಇದನ್ನ ಒಪ್ತಾರೆ. ಹೊಗಳೋಕೆ ಬರೆದಿದ್ದಲ್ಲ, ಸೋಲಿಸ್ದೆ ಅಂತ ಜಂಭ ಕೊಚ್ಚಕ್ಕೆ ಬರೆದಿದ್ದು, ಅದಕ್ಕೇ ಬೆಲೆ ಜಾಸ್ತಿ. ರಾಜ್ಯ ಎಷ್ಟು ದೊಡ್ಡದಿತ್ತು ಅನ್ನೋದು ಬೇರೆ ಜಗಳ. ಫಿಂಕೆಲ್‌ಸ್ಟೈನ್ ಅನ್ನೋರು ಮೆಗಿದ್ದೋ ಅನ್ನೋ ಹಳೇ ಊರಿನ ದೊಡ್ಡ ಕಟ್ಟಡಗಳು ದಾವೀದನ ಮಗ ಸೊಲೊಮೋನನದಲ್ಲ, ಆಮೇಲಿಂದು ಅಂತಾರೆ, ಅಮಿಹಾಯ್ ಮಜಾರ್ ಕಾಲಾನ ಅಷ್ಟು ಈಚೆಗೆ ತರಕ್ಕಾಗಲ್ಲ ಅಂತಾರೆ. ಇಬ್ರೂ ಇಸ್ರೇಲಿ ಪ್ರೊಫೆಸರ್‌ಗಳೇ, ಜಗಳ ದೇವ್ರದ್ದಲ್ಲ, ಮಣ್ಣಿನ ಪದರದ್ದು.

ಕ್ರಿ.ಪೂ. 701ಕ್ಕೆ ಬಂದ್ರೆ ಇನ್ನೂ ಗಟ್ಟಿ. ಅಸ್ಸೀರಿಯಾದ ರಾಜ ಸನ್ಹೇರೀಬ ತನ್ನ ಬರಹದಲ್ಲಿ ಯೆಹೂದದ ರಾಜ ಹಿಜ್ಕೀಯನನ್ನ ಯೆರೂಸಲೇಮಲ್ಲಿ ಪಂಜರದ ಹಕ್ಕಿ ತರ ಕೂಡಿಹಾಕ್ದೆ ಅಂತಾನೆ, ಆದ್ರೆ ಊರು ಗೆದ್ದೆ ಅನ್ನಲ್ಲ! ಯೆಹೂದದ ಇನ್ನೊಂದು ಊರು ಲಾಕೀಷ್ ಗೆದ್ದಿದ್ದನ್ನ ಮಾತ್ರ ತನ್ನ ನಿನೆವೆ ಅರಮನೆ ಗೋಡೆ ತುಂಬಾ ಕೆತ್ತಿಸಿದ್ದ, ಆ ಕಲ್ಲುಗಳು ಈಗ ಲಂಡನ್‌ನಲ್ಲಿವೆ.

ಕೆಜಿಎಫ್_ಹುಡ್ಗ
ಸೂಪರ್ ಸಾರ್, ಥ್ಯಾಂಕ್ಸ್. ಇನ್ನೊಂದು, ಆಗಿನ ಜನ ಯೆಹೋವನ್ನ ಬಿಟ್ಟು ಬೇರೆ ದೇವ್ರನ್ನ ಪೂಜೆ ಮಾಡ್ತಿರ್ಲಿಲ್ವಾ?

ಶಾಸನಹುಚ್ಚ ಮುಳಬಾಗ್ಲು
ಮಾಡ್ತಿದ್ರು ಅಂತ ಬೈಬಲ್ಲೇ ಬೈಯುತ್ತಲ್ಲಪ್ಪ, ಪ್ರವಾದಿಗಳು ಬೈದಿದ್ದು ಇನ್ನೇನಕ್ಕೆ. 1975-76ರಲ್ಲಿ ಸಿನಾಯ್ ಮರಳುಗಾಡಿನ ಕುಂತಿಲ್ಲೆತ್ ಅಜ್ರೂದ್‌ನಲ್ಲಿ ಸಿಕ್ಕ ದೊಡ್ಡ ಗುಡಾಣದ ಮೇಲೆ ಸಮಾರ್ಯದ ಯೆಹೋವ, ಅವನ ಅಶೇರ, ಇಬ್ಬರ ಹೆಸರಲ್ಲೂ ಆಶೀರ್ವಾದ ಬರೆದೈತೆ. ಅಶೇರ ಅಂದ್ರೆ ಇಲ್ಲಿ ದೇವೀನಾ, ಪೂಜೆಯ ಮರದ ಕಂಬಾನಾ ಅಂತ ಇವತ್ತಿಗೂ ಕಿತ್ತಾಡ್ತಾರೆ.

ತುಮಕೂರು ಮೇಷ್ಟ್ರು
ನಿಮ್ಮ ಮೊದಲ್ನೇ ಪ್ರಶ್ನೆಗೆ ಇನ್ನೊಂದ್ ಮಾತು. ಮೃತ ಸಮುದ್ರದ ಸುರುಳಿಗಳು, ಅಂದ್ರೆ ಬೈಬಲ್‌ನ ತುಂಬಾ ಹಳೇ ಹಸ್ತಪ್ರತಿಗಳೂ ಇರೋ ಸುರುಳಿಗಳು, ಸಿಕ್ಕ ಕುಮ್ರಾನ್ ಅಗೆದಿದ್ದು ರೋಲಾಂ ದ ವೋ ಅನ್ನೋ ಕ್ಯಾಥೊಲಿಕ್ ಪಾದ್ರಿನೇ. ವಾಷಿಂಗ್ಟನ್‌ನ ಬೈಬಲ್ ಮ್ಯೂಸಿಯಂ ತಮ್ಮ ಹತ್ರ ಇದ್ದ 16 ಸುರುಳಿ ತುಂಡೂ ನಕಲಿ ಅಂತ 2020ರಲ್ಲಿ ಪರೀಕ್ಷೆ ಮಾಡ್ಸಿ ತಾನೇ ಹೇಳ್ತು, ಅವೆಲ್ಲ ಮಾರ್ಕೆಟ್ಟಲ್ಲಿ ಕೊಂಡಿದ್ದು. ಆದ್ರಿಂದ ಮಾವ ಮುಂದಿನ್ ವಿಡಿಯೋ ಹಾಕ್ದಾಗ ಆ ವಸ್ತು ಎಲ್ಲಿ ಅಗೆದಾಗ ಸಿಕ್ತು, ಯಾರು ಅಗೆದಿದ್ದು, ಯಾವ ಪದರ ಅಂತ ಕೇಳಿ. ಮೆತ್ತಗೆ ಕೇಳಿ, ಹಬ್ಬಕ್ಕೆ ಅವರ ಮನೆಗೇ ಹೋಗ್ಬೇಕಲ್ಲ.